ಇಕ್ಕಟ್ಟಿನ ದಾರಿಯಲ್ಲಿ ಅಣುವಿನ ನಡಿಗೆ

ಮೂತ್ರಪಿಂಡದ ಕಾಯಿಲೆಯನ್ನು ಕುರಿತು ಈ ಅಂಕಣದಲ್ಲಿ ಹಿಂದೊಮ್ಮೆ ಬರೆದ ಮೇಲೆ ನಮಗೆ ಬಂದ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕಾಣಿಸಿಕೊಂಡಿತು. ಡಯಾಲಿಸಿಸ್ ಯಂತ್ರಕ್ಕೆ ಜೋಡಿಸಿದ ರೋಗಿ ಪ್ರತಿ ಸಲವೂ ನಾಲ್ಕು ಗಂಟೆ ಮಲಗಿರಲೇಬೇಕೆ? ಯಂತ್ರದ ವೇಗವನ್ನು ಹೆಚ್ಚಿಸಿ ಒಂದು ಗಂಟೆಯಲ್ಲಿ ಮುಗಿಸಿ ಕಳುಹಿಸಲು ಏನಡ್ಡಿ? ಕೇಳಿದವರೆಲ್ಲ ಇಂಥ ರೋಗಿಯೊಬ್ಬರ ಸೇವೆಯಲ್ಲಿ ತೊಡಗಿರುವ ಮನೆಯವರು. ವಾರಕ್ಕೆ ಎರಡು ಮೂರು ದಿನ ಹಳ್ಳಿಯಿಂದ ಪಟ್ಟಣಕ್ಕೆ ಬಸ್ಸು ಹಿಡಿದು ಬರುವುದು, ಜೊತೆಗೊಬ್ಬರು ಕಾದು ಕುಳಿತಿರುವುದು, ಆ ದಿನದ ಕಾಯಕ ತಪ್ಪುವುದು, ಇವೆಲ್ಲದರ ಭಾರ ಆ ಪ್ರಶ್ನೆಯಲ್ಲಿದೆ. ಅದಕ್ಕೆ ಉತ್ತರ ಹೇಳಬೇಕಾದರೆ ಬಹು ಕಿರಿದಾದ ದಾರಿಯೊಂದರೊಳಗೆ ಇಳಿಯಬೇಕಾಗುತ್ತದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲಿಗೆ ನ್ಯಾನೋಮೀಟರ್ ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 80,000 ನ್ಯಾನೋಮೀಟರ್. ಡಯಾಲಿಸಿಸ್ ಪೊರೆಯ ರಂಧ್ರಗಳಾದರೋ ಕೆಲವೇ ನ್ಯಾನೋಮೀಟರ್ ಅಗಲದವು. ಅಂಥ ದಾರಿಯಲ್ಲಿ ಅಣುಗಳು ಹೇಗೆ ನಡೆಯುತ್ತವೆ, ಕಣ್ಣಿಗೆ ಕಾಣದ ಆ ನಡಿಗೆಯನ್ನು ಅಳೆದವರು ಹೇಗೆ ಅಳೆದರು ಎಂಬುದೇ ಈ ತಿಂಗಳ ವಿಷಯ.

ಅಲುಗಾಡದ ನೀರಿನ ತಳದಲ್ಲಿ ಒಂದು ಹರಳು ಸಕ್ಕರೆಯನ್ನು ಇಟ್ಟರೆ, ಕಲಕದಿದ್ದರೂ ಅದು ಕರಗಿ ನಿಧಾನವಾಗಿ ನೀರಿನ ತುಂಬ ಹರಡುತ್ತದೆ. ನೀರಿನ ಅಣುಗಳು ಒಂದು ಕ್ಷಣವೂ ಸುಮ್ಮನಿರದೆ ಎಲ್ಲ ಕಡೆಯಿಂದ ತಳ್ಳುತ್ತಿರುವುದರಿಂದ ಸಕ್ಕರೆಯ ಅಣು ಗೊತ್ತುಗುರಿಯಿಲ್ಲದೆ ಅತ್ತಿತ್ತ ಅಲೆಯುತ್ತದೆ. ಈ ಅಲೆದಾಟದಿಂದ ಆಗುವ ಹರಡುವಿಕೆಗೆ ವಿಸರಣೆ ಎನ್ನುತ್ತಾರೆ. ಪೂಜೆಯ ಕೋಣೆಯಲ್ಲಿ ಹಚ್ಚಿದ ಊದುಬತ್ತಿಯ ಪರಿಮಳ ಪಡಸಾಲೆಗೆ ಬರುವುದನ್ನು ಶಾಲೆಯಲ್ಲಿ ಇದಕ್ಕೆ ಉದಾಹರಣೆಯಾಗಿ ಹೇಳಿಕೊಡುವುದುಂಟು. ಆ ಉದಾಹರಣೆ ನಮಗೆ ಒಪ್ಪಿತವಲ್ಲ. ಪರಿಮಳವನ್ನು ಅಷ್ಟು ಬೇಗ ಹೊತ್ತು ತರುವುದು ಬಹುಮಟ್ಟಿಗೆ ಗಾಳಿಯ ಚಲನೆ. ವಿಸರಣೆ ಬಹು ನಿಧಾನದ ಸಂಗತಿ. ಎಷ್ಟು ನಿಧಾನವೆಂದರೆ, ಸಕ್ಕರೆಯ ಅಣು ನಿಂತ ನೀರಿನಲ್ಲಿ ಒಂದು ಸೆಂಟಿಮೀಟರ್ ದೂರ ಸರಿಯಲು ಸರಾಸರಿ 27 ಗಂಟೆ ಹಿಡಿಯುತ್ತದೆ. ಒಂದು ಮೀಟರ್ ಸರಿಯಬೇಕಾದರೆ ಸುಮಾರು 30 ವರ್ಷ. ಆದರೆ ಒಂದು ಮಿಲಿಮೀಟರಿಗೆ 16 ನಿಮಿಷ ಸಾಕು. ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಒಂದು ಸೆಕೆಂಡಿನ ಸಾವಿರದ ಒಂದು ಪಾಲು ಸಾಕು. ಗುರಿಯಿಲ್ಲದೆ ಅಲೆಯುವವನು ಮುಂದೆ ಹೋದಷ್ಟೇ ಹಿಂದಕ್ಕೂ ಬರುತ್ತಾನಾದ್ದರಿಂದ ಎರಡು ಪಟ್ಟು ದೂರಕ್ಕೆ ನಾಲ್ಕು ಪಟ್ಟು ಕಾಲ ಬೇಕು. ಈ ಒಂದು ಲೆಕ್ಕವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದು ಕೆಡುವ ಸಂದರ್ಭವೊಂದು ಬರಲಿದೆ.

ವಿಸರಣೆಯ ನಿಯಮವನ್ನು 1855ರಲ್ಲಿ ಬರೆದವನು ಭೌತವಿಜ್ಞಾನಿಯಲ್ಲ, ಅಡಾಲ್ಫ್ ಫಿಕ್ ಎಂಬ ಜರ್ಮನ್ ಶರೀರಶಾಸ್ತ್ರಜ್ಞ. ದೇಹದೊಳಗೆ ಉಪ್ಪು, ನೀರುಗಳು ಪೊರೆಗಳನ್ನು ದಾಟುವ ಬಗೆ ಅವನನ್ನು ಕಾಡುತ್ತಿತ್ತು. ಆರು ವರ್ಷಗಳ ನಂತರ, 1861ರಲ್ಲಿ, ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಥಾಮಸ್ ಗ್ರಹಾಂ ಮೂತ್ರವನ್ನು ಚರ್ಮಕಾಗದದ ಪೊರೆಯ ಒಂದು ಬದಿಗೆ, ಶುದ್ಧ ನೀರನ್ನು ಇನ್ನೊಂದು ಬದಿಗೆ ಇಟ್ಟು, ಯೂರಿಯಾ ಪೊರೆಯನ್ನು ದಾಟಿ ನೀರಿಗೆ ಬರುವುದನ್ನು ತೋರಿಸಿದ. ಡಯಾಲಿಸಿಸ್ ಎಂಬ ಹೆಸರನ್ನು ಇಟ್ಟವನೂ ಅವನೇ. 1905ರಲ್ಲಿ ಐನ್‌ಸ್ಟೈನ್ ಅಣುವಿನ ಅಲೆದಾಟಕ್ಕೂ ವಿಸರಣೆಯ ವೇಗಕ್ಕೂ ಇರುವ ಸಂಬಂಧವನ್ನು ಲೆಕ್ಕಹಾಕಿದರು. ಮೂರು ನಾಲ್ಕು ವರ್ಷಗಳಲ್ಲಿ ಫ್ರಾನ್ಸಿನ ಜಾನ್ ಪೆರ‍್ಯಾಂ ಸೂಕ್ಷ್ಮದರ್ಶಕದಡಿ ಕಣಗಳ ಹೆಜ್ಜೆಗಳನ್ನು ಅಳೆದು ಆ ಲೆಕ್ಕ ನಿಜವೆಂದು ಕಂಡರು. ಇದನ್ನು ರೋಗಿಯ ಮಂಚದ ಬಳಿಗೆ ತಂದವರು ಡಚ್ ವೈದ್ಯ ವಿಲ್ಲೆಮ್ ಕೋಲ್ಫ್. ಜರ್ಮನರ ವಶದಲ್ಲಿದ್ದ ಕಾಂಪೆನ್ ಎಂಬ ಊರಿನಲ್ಲಿ 1943ರಲ್ಲಿ ಅವರು ಸೆಲೋಫೇನಿನ ಕೊಳವೆಯನ್ನು ಮರದ ಉರುಳೆಗೆ ಸುತ್ತಿ ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿದರು. ಆ ಸೆಲೋಫೇನ್ ಮಾಂಸದ ತಿನಿಸುಗಳಿಗೆ ಹೊದಿಕೆಯಾಗಿ ಮಾರುತ್ತಿದ್ದ ವಸ್ತು. ಮೊದಲ ಹತ್ತು ಹದಿನೈದು ರೋಗಿಗಳು ಬದುಕಲಿಲ್ಲ. 1945ರಲ್ಲಿ 67 ವರ್ಷದ ಮಹಿಳೆಯೊಬ್ಬರು ಎಚ್ಚರಗೊಂಡು ಮಾತನಾಡಿದರು.

ಇಂದಿನ ಡಯಾಲಿಸಿಸ್ ಕೊಳವೆಯೊಳಗೆ ಸುಮಾರು 10,000 ಟೊಳ್ಳು ಎಳೆಗಳಿರುತ್ತವೆ. ಒಂದೊಂದರ ಒಳಗಿನ ಅಗಲ ಸುಮಾರು 0.2 ಮಿಲಿಮೀಟರ್. ಎಳೆಗಳ ಒಳಗೆ ರಕ್ತ, ಹೊರಗೆ ಎದುರು ದಿಕ್ಕಿನಲ್ಲಿ ಹರಿಯುವ ದ್ರಾವಣ. ಎಲ್ಲ ಎಳೆಗಳ ಗೋಡೆಯನ್ನು ಬಿಡಿಸಿ ಹಾಸಿದರೆ ಒಂದೂವರೆ ಎರಡು ಚದರ ಮೀಟರ್ ಆಗುತ್ತದೆ. ಆ ಗೋಡೆಯ ತುಂಬ ನ್ಯಾನೋ ರಂಧ್ರಗಳು. ಯೂರಿಯಾದಂಥ ಪುಟ್ಟ ಅಣು ಇವುಗಳಲ್ಲಿ ಸಲೀಸಾಗಿ ಹಾದುಹೋಗುತ್ತದೆ. ಹಾಗಾದರೆ ನಾಲ್ಕು ಗಂಟೆ ಏಕೆ? ಯೂರಿಯಾ ರಕ್ತದಲ್ಲಿ ಮಾತ್ರ ಇರುವುದಿಲ್ಲ. 60 ಕಿಲೋ ತೂಕದ ದೇಹದಲ್ಲಿರುವ ಸುಮಾರು 35 ಲೀಟರ್ ನೀರಿನಲ್ಲೆಲ್ಲ ಬೆರೆತಿರುತ್ತದೆ. ಯಂತ್ರ ನಿಮಿಷಕ್ಕೆ ಶುದ್ಧಿಮಾಡುವುದು ಸುಮಾರು 200 ಮಿಲಿಲೀಟರ್. ಅಷ್ಟನ್ನೂ ಒಂದು ಸಲ ಹಾಯಿಸಲೇ ಮೂರು ಗಂಟೆ ಬೇಕು. ಶುದ್ಧವಾದದ್ದು ಅಶುದ್ಧದೊಡನೆ ಮತ್ತೆ ಬೆರೆಯುವುದರಿಂದ ಒಂದು ಸಲ ಹಾಯಿಸಿದರೆ ಸಾಲದು. ಜೀವಕೋಶಗಳ ಒಳಗಿರುವ ಅಂಶ ಕೋಶದ ಪೊರೆಯನ್ನು ದಾಟಿ ರಕ್ತಕ್ಕೆ ಬರಲೂ ಕಾಲ ಹಿಡಿಯುತ್ತದೆ. ಅವಸರಪಡಿಸಿದರೆ ರಕ್ತದೊತ್ತಡ ಕುಸಿಯುವುದು, ಕಾಲು ಸೆಳೆಯುವುದು ಮುಂತಾದ ತೊಂದರೆಗಳುಂಟು. ಆದ್ದರಿಂದ ಯಾರಾದರೂ ರೋಗಿ ಕೊನೆಯ ಅರ್ಧ ಗಂಟೆಯನ್ನು ಬಿಟ್ಟು ಎದ್ದು ಬರಲು ಹಟ ಮಾಡಿದರೆ ಮನೆಯವರು ಒಪ್ಪಬಾರದು.

ದೊಡ್ಡ ಅಣುಗಳ ಕಥೆ ಬೇರೆ. ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಎಂಬ ಪುಟ್ಟ ಪ್ರೋಟೀನಿನ ತೂಕ ಯೂರಿಯಾದ ಸುಮಾರು 200 ಪಟ್ಟು. ಹಳೆಯ ಸೆಲ್ಯುಲೋಸ್ ಪೊರೆಗಳು ಇದನ್ನು ಹೊರಗೆ ಬಿಡುತ್ತಿರಲಿಲ್ಲ. ವರ್ಷಗಟ್ಟಲೆ ಡಯಾಲಿಸಿಸ್ ಮಾಡಿಸಿಕೊಂಡವರ ಮಣಿಕಟ್ಟು, ಭುಜ, ಕೀಲುಗಳಲ್ಲಿ ಸೇರಿಕೊಂಡು ನೋವು ಕೊಡುತ್ತಿದ್ದ ವಸ್ತು ಇದೇ ಎಂದು 1985ರಲ್ಲಿ ಜಪಾನಿನ ವೈದ್ಯರು ಗುರುತಿಸಿದರು. ಅದಾದ ಮೇಲೆ ಹೆಚ್ಚು ಅಗಲದ ರಂಧ್ರಗಳ ಪೊರೆಗಳ ಬಳಕೆ ಹೆಚ್ಚಿತು. ಆದರೆ ರಂಧ್ರ ಎಷ್ಟು ಅಗಲವಿರಬೇಕು? ಅಣುವಿಗಿಂತ ಒಂದಿಷ್ಟು ಹೆಚ್ಚಿದ್ದರೆ ಸಾಕಲ್ಲವೇ ಎಂದು ತೋರುತ್ತದೆ. ಸಾಲದು. ಅತಿ ಅಗಲವಾದರೂ ಕಷ್ಟ, ದೇಹಕ್ಕೆ ಬೇಕಾದ ಆಲ್ಬುಮಿನ್ ಸೋರಿಹೋಗುತ್ತದೆ.

ಇದರ ಲೆಕ್ಕವನ್ನು ಅಮೆರಿಕದ ಶರೀರಶಾಸ್ತ್ರಜ್ಞ ಯೂಜೀನ್ ರೆಂಕಿನ್ 1954ರಲ್ಲಿ ಕೊಟ್ಟರು. ಅಣುವನ್ನು ಒಂದು ಗಟ್ಟಿ ಗುಂಡೆಂದೂ ರಂಧ್ರವನ್ನು ನೇರವಾದ ದುಂಡು ಕೊಳವೆಯೆಂದೂ ಭಾವಿಸಿರಿ. ಗುಂಡಿನ ಅಗಲ ಕೊಳವೆಯ ಅಗಲದ ಐದರಲ್ಲಿ ಎರಡು ಪಾಲು ಇದೆಯೆನ್ನೋಣ. ಕೊಳವೆಯ ಅಂಚಿಗೆ ತಾಗದೆ ಒಳಹೋಗುವ ಅವಕಾಶ ನೂರಕ್ಕೆ 36 ಗುಂಡುಗಳಿಗೆ ಮಾತ್ರ. ಒಳಹೊಕ್ಕವುಗಳಿಗೂ ಗೋಡೆಯ ಬಳಿಯ ನೀರು ಜಗ್ಗುವುದರಿಂದ ಅವುಗಳ ವೇಗ ಬಯಲಿನ ವೇಗದ ನೂರಕ್ಕೆ 28 ಪಾಲಿಗೆ ಇಳಿಯುತ್ತದೆ. ಎರಡೂ ಸೇರಿದರೆ ಉಳಿಯುವುದು ಹತ್ತನೆಯ ಒಂದು ಪಾಲು. ದಾರಿಯ ಅರ್ಧಕ್ಕಿಂತ ಹೆಚ್ಚು ಖಾಲಿಯಿದ್ದರೂ ಸಂಚಾರ ಹತ್ತರಲ್ಲಿ ಒಂದಾಯಿತು! ಅಣುವಿನ ಅಗಲ ರಂಧ್ರದ ಹತ್ತನೆಯ ಒಂದು ಪಾಲಷ್ಟೇ ಇದ್ದರೂ ಸಂಚಾರ ನೂರಕ್ಕೆ 64ಕ್ಕೆ ಇಳಿಯುತ್ತದೆ.

ಕಾಗದದ ಮೇಲಿನ ಲೆಕ್ಕ ಇದು. ಇದನ್ನು ಒರೆಗೆ ಹಚ್ಚುವುದು ಹೇಗೆ? ಪೊರೆಯ ಒಂದು ಬದಿಗೆ ದ್ರಾವಣ, ಇನ್ನೊಂದು ಬದಿಗೆ ನೀರು ಇಟ್ಟು, ಗಂಟೆಗೆ ಎಷ್ಟು ದಾಟಿತೆಂದು ಎಣಿಸುವ ಗ್ರಹಾಮನ ಕ್ರಮವೇ ಎಲ್ಲಕ್ಕೂ ಹಳೆಯದು. ಅದರಲ್ಲಿ ಎರಡು ಮೋಸಗಳಿವೆ. ಪೊರೆಯ ಎರಡೂ ಮುಖಗಳಿಗೆ ಅಂಟಿಕೊಂಡಂತೆ ನಿಂತ ನೀರಿನ ತೆಳು ಪದರವೊಂದಿರುತ್ತದೆ. ಚೆನ್ನಾಗಿ ಕಲಕದಿದ್ದರೆ ಆ ಪದರದ ತಡೆಯೂ ರಂಧ್ರದ ಲೆಕ್ಕಕ್ಕೆ ಬೀಳುತ್ತದೆ. ಎರಡನೆಯದು ಇನ್ನೂ ದೊಡ್ಡದು. ಸೆಲ್ಯುಲೋಸ್ ಪೊರೆಯ ರಂಧ್ರಗಳು ಸೊಟ್ಟ, ಒಂದಕ್ಕೊಂದು ಅಳತೆಯಲ್ಲಿ ಬೇರೆ, ಕೆಲವು ನಡುವೆ ಮುಚ್ಚಿದವು. ದೊರೆಯುವ ಅಂಕಿ ಎಲ್ಲದರ ಕಲಸುಮೇಲೋಗರ. ಹೀಗಾಗಿ ಮೊದಲು ಅಳತೆ ಗೊತ್ತಿರುವ ನೇರ ರಂಧ್ರಗಳನ್ನು ಮಾಡಿಕೊಳ್ಳಬೇಕಾಯಿತು.

ಅದಕ್ಕೆ ಒದಗಿದ್ದು ನಮ್ಮ ಹಿರಿಯರು ಕಾಗೆಬಂಗಾರ ಎನ್ನುತ್ತಿದ್ದ ಅಭ್ರಕ. ತೆಳು ಹಾಳೆಗಳಾಗಿ ಬಿಡಿಸಬಹುದಾದ ಈ ಖನಿಜದ ಮೂಲಕ ವಿಕಿರಣಶೀಲ ಧಾತುವಿನ ಒಡೆದ ಚೂರುಗಳನ್ನು ಹಾಯಿಸಿದರೆ ಒಂದೊಂದು ಚೂರೂ ಬಾಣದಂತೆ ನೇರವಾದ ಗಾಯದ ಗೆರೆಯೊಂದನ್ನು ಬಿಡುತ್ತದೆ. ಬಳಿಕ ಆಮ್ಲದಲ್ಲಿ ಅದ್ದಿದರೆ ಗೆರೆ ಇದ್ದಲ್ಲಿ ಮಾತ್ರ ಕರಗಿ ರಂಧ್ರವಾಗುತ್ತದೆ. ಎಷ್ಟು ಹೊತ್ತು ಚೂರುಗಳಿಗೆ ಒಡ್ಡಿದೆವು ಎಂಬುದರಿಂದ ರಂಧ್ರಗಳ ಸಂಖ್ಯೆ, ಎಷ್ಟು ಹೊತ್ತು ಆಮ್ಲದಲ್ಲಿಟ್ಟೆವು ಎಂಬುದರಿಂದ ಅವುಗಳ ಅಗಲ ತಿಳಿಯುತ್ತದೆ. 1970ರಲ್ಲಿ ಬೆಕ್ ಮತ್ತು ಷುಲ್ಟ್ಸ್ ಎಂಬ ಇಬ್ಬರು ಇಂಥ ಅಭ್ರಕದ ಹಾಳೆಗಳಲ್ಲಿ ಬೇರೆ ಬೇರೆ ಗಾತ್ರದ ಅಣುಗಳ ವಿಸರಣೆಯನ್ನು ಅಳೆದರು. ರೆಂಕಿನ್ನರ ಲೆಕ್ಕ ನಿಜಕ್ಕೆ ಹತ್ತಿರವೇ ಇತ್ತು. ಈ ವಿಷಯದ ಎಲ್ಲ ಪ್ರಯೋಗಗಳಲ್ಲಿ ನಮಗೆ ಅತ್ಯಂತ ಪ್ರಿಯವಾದದ್ದು ಇದು. ದುಬಾರಿ ಸಲಕರಣೆಗಿಂತ ಹೆಚ್ಚಾಗಿ ತಾಳ್ಮೆಯೇ ಇಲ್ಲಿ ಕೆಲಸ ಮಾಡಿದೆ.

ಬೆಳಕಿನಿಂದ ಅಳೆಯುವ ಉಪಾಯಗಳು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಬೆಳೆದವು. ಹೊಳೆಯುವ ಬಣ್ಣದ ಅಣುಗಳನ್ನು ದ್ರವದಲ್ಲಿ ಬೆರೆಸಿ, ಪ್ರಖರ ಲೇಸರಿನಿಂದ ಒಂದು ಚಿಕ್ಕ ಜಾಗದ ಬಣ್ಣವನ್ನು ಸುಟ್ಟುಬಿಡುವುದು. ಸುತ್ತಲಿನ ಬಣ್ಣ ಒಳಹರಿದು ಆ ಕಪ್ಪು ಚುಕ್ಕೆ ಮುಚ್ಚಲು ಎಷ್ಟು ಹೊತ್ತು ಹಿಡಿಯಿತೆಂದು ನೋಡುವುದು. ಇದರ ವಿಧಾನವನ್ನು 1976ರಲ್ಲಿ ಸವಿವರವಾಗಿ ಪ್ರಕಟಿಸಿದರು. ಅದಕ್ಕೂ ಮೊದಲು 1972ರಲ್ಲಿ ಇನ್ನೊಂದು ಉಪಾಯ ಬಂದಿತ್ತು. ಅತಿ ಚಿಕ್ಕ ಜಾಗವೊಂದಕ್ಕೆ ಲೇಸರ್ ಬೆಳಕು ಬಿಟ್ಟು, ಅಣುಗಳು ಬೆಳಕಿನೊಳಗೆ ಬಂದು ಹೋಗುವಾಗ ಆಗುವ ಮಿನುಗಿನ ಏರಿಳಿತದಿಂದಲೇ ಅವುಗಳ ವೇಗವನ್ನು ತಿಳಿಯುವುದು ಅದರ ಸಾರ. ಗಾಜಿನ ಮೇಲೆ ಕೆಲವೇ ಹತ್ತು ನ್ಯಾನೋಮೀಟರ್ ಆಳದ ಕಾಲುವೆ ಕೊರೆದು ಇನ್ನೊಂದು ಗಾಜಿನಿಂದ ಮುಚ್ಚಿದರೆ ಕಾಲುವೆಯ ಆಳ ಸೂಕ್ಷ್ಮದರ್ಶಕಕ್ಕೆ ಕಾಣದು. ಆದರೂ ಅದರ ಉದ್ದಕ್ಕೆ ಬಣ್ಣ ಸರಿಯುವುದು ಕಾಣುತ್ತದೆ. ಅಷ್ಟರಿಂದಲೇ ಅಳತೆ ಸಾಧ್ಯ.

ಇಲ್ಲಿ ಎಚ್ಚರ ಬೇಕು. ಅಷ್ಟು ಕಿರಿದಾದ ಕಾಲುವೆಯಲ್ಲಿ ಗೋಡೆಯೇ ಎಲ್ಲವೂ. ಬಣ್ಣದ ಅಣು ಗಾಜಿಗೆ ಅಂಟಿ, ಬಿಟ್ಟು, ಮತ್ತೆ ಅಂಟುತ್ತ ಹೋದರೆ ವಿಸರಣೆಯೇ ನಿಧಾನವಾಯಿತೆಂದು ಮೋಸಹೋಗುತ್ತೇವೆ. ನೀರಿನಲ್ಲಿರುವ ಗಾಜಿನ ಮೇಲೆ ವಿದ್ಯುದಂಶವೂ ಇರುತ್ತದೆ. ಹಾಲೆಂಡಿನ ಡೆಲ್ಫ್ಟ್ ನಗರದ ವಿಜ್ಞಾನಿಗಳು 2004ರಲ್ಲಿ ನ್ಯಾನೋ ಕಾಲುವೆಯೊಳಗಿನ ಉಪ್ಪನ್ನು ಕಡಿಮೆ ಮಾಡುತ್ತ ಹೋದಾಗ ವಿದ್ಯುತ್ತಿನ ಹರಿವು ಒಂದು ಹಂತದವರೆಗೆ ಇಳಿದು ಬಳಿಕ ಇಳಿಯದೆ ನಿಂತುಬಿಟ್ಟಿತು. ಗೋಡೆಯ ವಿದ್ಯುದಂಶ ತನಗೆ ಬೇಕಾದಷ್ಟು ಅಯಾನುಗಳನ್ನು ಒಳಗೆ ಹಿಡಿದಿಟ್ಟುಕೊಂಡಿತ್ತು. ಆದ್ದರಿಂದ ಉಪ್ಪನ್ನು ಬದಲಿಸಿ, ಬಣ್ಣವನ್ನು ಬದಲಿಸಿ, ಕಾಲುವೆಯ ಆಳವನ್ನು ಬದಲಿಸಿ ಮತ್ತೆ ಅಳೆಯದೆ ಕೊಟ್ಟ ಒಂಟಿ ಅಂಕಿಯನ್ನು ನಾವು ನಂಬಲಾರೆವು.

ಬಣ್ಣವಿಲ್ಲದೆ ಅಳೆಯುವ ದಾರಿಯೂ ಉಂಟು. ಆಸ್ಪತ್ರೆಯ ಎಂ.ಆರ್.ಐ. ಯಂತ್ರವನ್ನು ಈಗ ಅನೇಕರು ಬಲ್ಲರು. ಅದರ ಮೂಲತತ್ತ್ವವನ್ನೇ ಬಳಸಿ, ಕಾಂತಕ್ಷೇತ್ರದ ಬಲವನ್ನು ಜಾಗದಿಂದ ಜಾಗಕ್ಕೆ ಬದಲಿಸಿ, ಅಣುಗಳಿಗೆ ಅವು ಇದ್ದ ಸ್ಥಳದ ಗುರುತು ಹಾಕಿ, ಸ್ವಲ್ಪ ಹೊತ್ತಿನ ಬಳಿಕ ಎಷ್ಟು ಸರಿದಿವೆಯೆಂದು ಓದುವ ವಿಧಾನವನ್ನು ಸ್ಟೆಸ್ಕಲ್ ಮತ್ತು ಟ್ಯಾನರ್ 1965ರಲ್ಲಿ ಕೊಟ್ಟರು. ಪಾರ್ಶ್ವವಾಯು ತಗುಲಿದ ಕೆಲ ಹೊತ್ತಿನಲ್ಲೇ ಮಿದುಳಿನ ಪೆಟ್ಟುಬಿದ್ದ ಭಾಗದಲ್ಲಿ ನೀರಿನ ವಿಸರಣೆ ನಿಧಾನವಾಗುವುದನ್ನು ವೈದ್ಯರು ಇಂದು ಇದೇ ತತ್ತ್ವದಿಂದ ಕಂಡುಹಿಡಿಯುತ್ತಾರೆ.

ಜರ್ಮನಿಯ ಲೈಪ್‌ಜಿಗ್‌ನಲ್ಲಿ ಯೋರ್ಗ್ ಕೇರ್ಗರ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಈ ವಿಧಾನವನ್ನು ಜಿಯೋಲೈಟ್ ಎಂಬ ಹರಳುಗಳಿಗೆ ಅನ್ವಯಿಸಿದಾಗ ವಿಚಿತ್ರವೊಂದು ಎದುರಾಯಿತು. ಈ ಹರಳುಗಳ ತುಂಬ ಒಂದು ನ್ಯಾನೋಮೀಟರಿಗೂ ಕಿರಿದಾದ ಕಾಲುವೆಗಳಿರುತ್ತವೆ. ಹೊರಗಿನಿಂದ ಅನಿಲವನ್ನು ಹಾಯಿಸಿ ಹರಳು ಎಷ್ಟು ಬೇಗ ಹೀರುತ್ತದೆಂದು ತೂಗಿ ನೋಡಿದವರಿಗೆ ವಿಸರಣೆ ಬಹಳ ನಿಧಾನವೆಂದು ಕಂಡಿತ್ತು. ಕಾಂತಕ್ಷೇತ್ರದಿಂದ ಒಳಗಿನ ಅಣುಗಳನ್ನೇ ನೋಡಿದವರಿಗೆ ಅದೇ ಅಣು, ಅದೇ ಹರಳಿನಲ್ಲಿ, ಕೆಲವೊಮ್ಮೆ ಸಾವಿರ ಪಟ್ಟಿಗೂ ಮೀರಿ ವೇಗವಾಗಿ ಓಡುತ್ತಿತ್ತು. ಮನೆಯೊಳಗೆ ಸಲೀಸಾಗಿ ಓಡಾಡುವ ಜನ ಹೊಸ್ತಿಲಲ್ಲಿ ಸಿಕ್ಕಿಕೊಂಡಿದ್ದರು; ಅನೇಕ ಹರಳುಗಳ ಹೊರಮೈಯಲ್ಲಿ ಬಾಗಿಲುಗಳು ಅರ್ಧ ಮುಚ್ಚಿದ್ದವು. ಹೀರಿಕೊಳ್ಳುವಾಗ ಹುಟ್ಟುವ ಶಾಖವೂ ಕೆಲವು ಅಳತೆಗಳನ್ನು ಕೆಡಿಸಿತ್ತು. ಇಬ್ಬರೂ ಸರಿಯಾಗಿಯೇ ಅಳೆದಿದ್ದರು, ಅಳೆದ ವಸ್ತು ಮಾತ್ರ ಬೇರೆ.

ಇನ್ನು ಎರಡು ಪಟ್ಟು ದೂರಕ್ಕೆ ನಾಲ್ಕು ಪಟ್ಟು ಕಾಲ ಎಂಬ ಲೆಕ್ಕ ಕೆಡುವ ಮಾತಿಗೆ ಬರೋಣ. ಜಾತ್ರೆಯ ದಿನ ಗದ್ದುಗೆಯ ದರ್ಶನಕ್ಕೆ ಕಟ್ಟಿದ ಬೊಂಬಿನ ಓಣಿಯಲ್ಲಿ ಒಬ್ಬರ ಹಿಂದೊಬ್ಬರು ನಿಂತಿರುವುದನ್ನು ನೆನೆಯಿರಿ. ಯಾರೂ ಯಾರನ್ನೂ ದಾಟಿ ಮುಂದೆ ಹೋಗಲಾಗದು. ಕಾಲುವೆ ಅಣುವಿನ ಮೈಯಷ್ಟೇ ಕಿರಿದಾದಾಗ ಅಣುಗಳ ಪಾಡೂ ಹೀಗೆಯೇ. ಒಬ್ಬ ಸರಿಯಬೇಕಾದರೆ ಮುಂದಿನವರೆಲ್ಲ ಸರಿಯಬೇಕು. ಅಲ್ಲಿ ಎರಡು ಪಟ್ಟು ದೂರಕ್ಕೆ ಬೇಕಾಗುವ ಕಾಲ ಹದಿನಾರು ಪಟ್ಟು. ಮುಕ್ಕಾಲು ನ್ಯಾನೋಮೀಟರಿಗೆ ತುಸು ಕಡಿಮೆ ಅಗಲದ ಒಂಟಿ ಕಾಲುವೆಗಳಿರುವ ಹರಳಿನಲ್ಲಿ ಲೈಪ್‌ಜಿಗ್ ತಂಡ 1996ರಲ್ಲಿ ಈ ನಡಿಗೆಯನ್ನು ಅಳೆದು ತೋರಿಸಿತು.

ಹಾಗಾದರೆ ನೀರೂ ಸಾಲಿನಲ್ಲಿ ಹೀಗೇ ತೆವಳುವುದೇ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಬಲ್ ಮೈತಿ, ಚಂದನ್ ದಾಸಗುಪ್ತ, ಎ. ಕೆ. ಸೂದ್ ಮೊದಲಾದವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯನ್ನೇ ಎತ್ತಿಕೊಂಡಿತು. ಒಂದೇ ಸಾಲು ನೀರು ಹಿಡಿಯುವಷ್ಟು ಕಿರಿದಾದ, ಎರಡೂ ತುದಿ ತೆರೆದ ಇಂಗಾಲದ ಕೊಳವೆಯನ್ನು ಕಂಪ್ಯೂಟರಿನಲ್ಲಿ ರಚಿಸಿ, ಒಂದೊಂದು ಅಣುವಿನ ಚಲನೆಯನ್ನೂ ಲೆಕ್ಕಹಾಕಿದರು. ಸಾಲಿನಲ್ಲಿದ್ದರೂ ನೀರು ಫಿಕ್ಕನ ಹಳೆಯ ನಿಯಮವನ್ನೇ ಪಾಲಿಸಿತು. ಕಾರಣ, ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡು ಇಡೀ ಸಾಲೇ ಒಂದು ಕೋಲಿನಂತೆ ಒಟ್ಟಿಗೆ ಹಿಂದಕ್ಕೂ ಮುಂದಕ್ಕೂ ಜರುಗುತ್ತಿತ್ತು. ಇದು ಲೆಕ್ಕದ ಫಲ, ಕೊಳವೆಯಲ್ಲಿ ಅಳೆದದ್ದಲ್ಲ ಎಂಬುದನ್ನು ಮರೆಯಬಾರದು. ಆದರೆ ನಮ್ಮ ಮೂತ್ರಪಿಂಡವೇ ಇಂಥ ಕೊಳವೆಗಳಿಂದ ತುಂಬಿದೆ. 1992ರಲ್ಲಿ ಪೀಟರ್ ಆಗ್ರೆ ಗುರುತಿಸಿದ ಅಕ್ವಾಪೋರಿನ್ ಎಂಬ ನಾಳ ಅತಿ ಕಿರಿದಾದ ಕಡೆ ಒಂದು ನೀರಿನ ಅಣುವಿನಷ್ಟೇ ಅಗಲ. ಆದರೂ ಅದರಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ಅಣುಗಳು ಸಾಲಾಗಿ ಹಾಯುತ್ತವೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಬಿಟ್ಟು ಉಳಿದದ್ದನ್ನು ಹಿಂದಕ್ಕೆ ಪಡೆಯುವಲ್ಲಿ ಈ ನಾಳಗಳ ಪಾಲು ದೊಡ್ಡದು. ಈ ಶೋಧಕ್ಕೆ ಆಗ್ರೆ 2003ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಇಷ್ಟು ಕಿರಿದಾದ ದಾರಿಯನ್ನು ಮನುಷ್ಯನೇ ಅಳತೆಗೆ ತಕ್ಕಂತೆ ಕಟ್ಟಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. ಅಲ್ಲಿ ಈ ಕೆಲಸದ ಮುಂದಾಳಾದ ರಾಧಾ ಬೋಯಾ ಡಾಕ್ಟರೇಟ್ ಪಡೆದದ್ದು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ. ಗ್ರಾಫೈಟಿನ ಎರಡು ನುಣುಪಾದ ಹಲಗೆಗಳ ನಡುವೆ ಒಂದೊಂದು ಪರಮಾಣು ದಪ್ಪದ ಇಂಗಾಲದ ಪಟ್ಟಿಗಳನ್ನು ಇಟ್ಟರೆ ಪಟ್ಟಿಗಳ ನಡುವಿನ ಖಾಲಿ ಜಾಗವೇ ಕಾಲುವೆ. ಒಂದು ಪದರಕ್ಕೆ 0.34 ನ್ಯಾನೋಮೀಟರ್, ಎಷ್ಟು ಪದರವೋ ಅಷ್ಟು ಎತ್ತರ. 2016ರಲ್ಲಿ ಈ ಕಾಲುವೆಗಳಲ್ಲಿ ನೀರು ಸೆಕೆಂಡಿಗೆ ಒಂದು ಮೀಟರಿನವರೆಗಿನ ವೇಗದಲ್ಲಿ ಹರಿಯುವುದನ್ನು ಕಂಡರು. ಅಳೆದ ಬಗೆ ಸರಳ: ಕಾಲುವೆಯ ಮೂಲಕವಲ್ಲದೆ ಬೇರೆ ದಾರಿಯಿಲ್ಲದ ಪುಟ್ಟ ಪಾತ್ರೆಯಲ್ಲಿ ನೀರಿಟ್ಟು, ತೂಕ ಎಷ್ಟು ಕಡಿಮೆಯಾಯಿತೆಂದು ತಕ್ಕಡಿಯಲ್ಲಿ ನೋಡುತ್ತ ಹೋದರು.

2017ರಲ್ಲಿ ಅದೇ ತಂಡ ಸುಮಾರು 0.67 ನ್ಯಾನೋಮೀಟರ್ ಎತ್ತರದ ಸೀಳುಗಳಲ್ಲಿ ಉಪ್ಪಿನ ಅಯಾನುಗಳನ್ನು ಹಾಯಿಸಿತು. ನೀರಿನಲ್ಲಿ ಅಯಾನು ಬರಿಮೈಯಲ್ಲಿ ಇರುವುದಿಲ್ಲ. ನೀರಿನ ಅಣುಗಳ ಹೊದಿಕೆಯೊಂದು ಅದರ ಸುತ್ತ ಇರುತ್ತದೆ. ಹೊದಿಕೆ ಸೇರಿ ಸೀಳಿಗಿಂತ ದಪ್ಪವಾದ ಅಯಾನುಗಳೂ, ಕಂಬಳಿ ಹೊದ್ದವನು ಅದನ್ನು ಮೈಗೆ ಒತ್ತಿ ಹಿಡಿದು ಕಿರುಬಾಗಿಲಲ್ಲಿ ನುಸುಳುವಂತೆ, ದಾಟಿ ಬಂದವು. ನಡಿಗೆ ಮಾತ್ರ ನಿಧಾನವಾಯಿತು. ಒಂದೇ ಗಾತ್ರದ ಧನ ಅಯಾನು ಮತ್ತು ಋಣ ಅಯಾನುಗಳು ಬಯಲು ನೀರಿನಲ್ಲಿ ತೋರದ ಭೇದವನ್ನು ಆ ಸೀಳಿನಲ್ಲಿ ತೋರಿದವು.

ಇದೇ ಹೊದಿಕೆ ಡಯಾಲಿಸಿಸ್ ರೋಗಿಗಳ ಊಟದ ತಟ್ಟೆಗೂ ಸಂಬಂಧಪಟ್ಟಿದೆ. ಎಳನೀರು, ಬಾಳೆಹಣ್ಣುಗಳಲ್ಲಿರುವ ಪೊಟ್ಯಾಸಿಯಂ ಪೊರೆಯನ್ನು ಬೇಗ ದಾಟುತ್ತದೆ, ಆದರೆ ಎರಡು ಸರದಿಗಳ ನಡುವಿನ ದಿನಗಳಲ್ಲಿ ಏರಿ ಹೃದಯಕ್ಕೆ ಅಪಾಯ ತರುತ್ತದೆ. ಉಪವಾಸದ ದಿನ ಫಲಾಹಾರವೆಂದು ಇವನ್ನು ರೋಗಿಗೆ ಕೊಡುವ ಮನೆಗಳು ಮೊದಲು ವೈದ್ಯರನ್ನು ಕೇಳಬೇಕು. ಹಾಲು, ಬೇಳೆಗಳಿಂದ ಬರುವ ಫಾಸ್ಫೇಟಿನ ಬಗೆ ಬೇರೆ. ತೂಕದಲ್ಲಿ ಚಿಕ್ಕದಾದರೂ ನೀರಿನ ದಪ್ಪ ಹೊದಿಕೆಯಿಂದಾಗಿ ಅದು ಪೊರೆಯ ರಂಧ್ರದಲ್ಲಿ ದೊಡ್ಡ ಅಣುವಿನಂತೆ ವರ್ತಿಸುತ್ತದೆ. ಕೋಶಗಳಿಂದ ರಕ್ತಕ್ಕೆ ಬರುವುದೂ ತಡವಾಗಿ. ನಾಲ್ಕು ಗಂಟೆಯ ಡಯಾಲಿಸಿಸ್ ಅದನ್ನು ಸಾಕಷ್ಟು ತೆಗೆಯಲಾರದಾದ್ದರಿಂದ, ಕರುಳಿನಲ್ಲೇ ಅದನ್ನು ಹಿಡಿದುಹಾಕುವ ಮಾತ್ರೆಯನ್ನು ವೈದ್ಯರು ಬರೆದುಕೊಡುತ್ತಾರೆ. ಆ ಮಾತ್ರೆಯನ್ನು ಊಟವಾದ ಒಂದೆರಡು ಗಂಟೆಯ ಮೇಲೆ ನುಂಗಿದರೆ ಫಲವಿಲ್ಲ, ಊಟದ ಜೊತೆಯಲ್ಲೇ ತೆಗೆದುಕೊಳ್ಳಬೇಕು.